ಬೈಸಿಕಲ್ಲಿನ ಸರಪಣಿ ಮತ್ತು ಅದರ ಕೂಡುಕೊಂಡಿ

ಮೈಸೂರಿನವರಿಗೆ ಬೈಸಿಕಲ್ಲನ್ನು ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬೈಸಿಕಲ್ ಯೋಜನೆ ಇಲ್ಲಿ ಆರಂಭವಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಕಾಲೇಜಿನ ಹುಡುಗರೂ ಗುಮಾಸ್ತರೂ ಹಾಲಿನವರೂ ಈ ನಗರದ ಅಗಲವಾದ ಬೀದಿಗಳಲ್ಲಿ ಪೆಡಲು ತುಳಿದವರೇ. ಆದರೂ ದಿನವೂ ತುಳಿಯುವ ಗಾಡಿಯ ಸರಪಣಿಯನ್ನು ಬಗ್ಗಿ ನೋಡಿದವರು ವಿರಳ. ಅದು ಕಳಚಿಬಿದ್ದ ದಿನವೇ ಅದರ ನೆನಪು.

ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ತನ್ನ ಗಾಡಿಗೆ ತಾನೇ ಹೊಸ ಸರಪಣಿ ಹಾಕಿ, ಮರುದಿನ ಬೆಳಿಗ್ಗೆ ಚಾಮುಂಡಿ ಬೆಟ್ಟವನ್ನು ಏರಹೊರಟನು. ಆಸನದಿಂದ ಎದ್ದು ನಿಂತು ತುಳಿಯುತ್ತಿರುವಾಗ ಸರಪಣಿ ಬಿಚ್ಚಿಹೋಯಿತು. ಪಾದದಡಿಯ ಆಸರೆ ಒಮ್ಮೆಲೇ ತಪ್ಪಿ ಹುಡುಗನು ಹಿಡಿಕೆಯ ಮೇಲೆ ಮುಗ್ಗರಿಸಿ ರಸ್ತೆಗೆ ಬಿದ್ದನು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕನು ಎಚ್ಚರದಿಂದಿದ್ದುದರಿಂದ ಮೊಣಕಾಲಿನ ಗಾಯದಲ್ಲೇ ವಿಷಯ ಮುಗಿಯಿತು. ಅವನು ಪುಸ್ತಕದಲ್ಲಿ ಓದಿದ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದನು. ತಪ್ಪು ಬೇರೆ ಕಡೆಯಲ್ಲಿತ್ತು. ಅದೇನೆಂದು ತಿಳಿಯಲು ಸರಪಣಿಯ ರಚನೆಯನ್ನು ಮೊದಲು ನೋಡಬೇಕು.

ಇಂದು ನಾವು ಬಳಸುವ ಉರುಳೆ ಸರಪಣಿಯ ಮೂಲರೂಪವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಟ್ಜರ್ಲೆಂಡಿನ ಹ್ಯಾನ್ಸ್ ರೆನಾಲ್ಡ್ ಎಂಬಾತನು 1880ರಲ್ಲಿ ರೂಪಿಸಿದನು. ಐದು ವರ್ಷಗಳ ಅನಂತರ ಸ್ಟಾರ್ಲಿಯ ‘ರೋವರ್’ ಬೈಸಿಕಲ್ಲು ಹಿಂದಿನ ಗಾಲಿಯನ್ನು ಸರಪಣಿಯಿಂದ ಓಡಿಸಿ ಜನಪ್ರಿಯವಾಯಿತು. ಸರಪಣಿಯಲ್ಲಿ ಒಳಕೊಂಡಿ, ಹೊರಕೊಂಡಿ ಎಂದು ಎರಡು ಬಗೆಯ ಕೊಂಡಿಗಳು ಒಂದಾದ ಮೇಲೊಂದರಂತೆ ಬರುತ್ತವೆ. ಒಳಕೊಂಡಿಯ ಎರಡು ಪಟ್ಟಿಗಳ ನಡುವೆ ಸಣ್ಣ ಕೊಳವೆಗಳೂ ಅವುಗಳ ಸುತ್ತ ತಿರುಗುವ ಉರುಳೆಗಳೂ ಇರುತ್ತವೆ. ಹೊರಕೊಂಡಿಯ ಕೀಲುಗಳು ಈ ಕೊಳವೆಗಳೊಳಗೆ ತೂರಿ ಆಡುತ್ತವೆ. ಒಂದು ಕೀಲಿನಿಂದ ಮುಂದಿನ ಕೀಲಿಗೆ ಇರುವ ದೂರ ಸರಿಯಾಗಿ 1/2 ಅಂಗುಲ, ಅಂದರೆ 12.7 ಮಿ.ಮೀ. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾನೂನಾದರೂ ಸರಪಣಿ ಮಾತ್ರ ಅಂಗುಲವನ್ನು ಬಿಟ್ಟುಕೊಟ್ಟಿಲ್ಲ!

ಈ ಕೊಂಡಿಗಳ ಮೇಲೆ ಬೀಳುವ ಎಳೆತವೆಷ್ಟು? 60 ಕಿಲೋಗ್ರಾಂ ತೂಕದ ಸವಾರನು ತನ್ನ ಭಾರವನ್ನೆಲ್ಲ ಒಂದೇ ಪೆಡಲಿನ ಮೇಲೆ ಹಾಕಿ ನಿಂತಿದ್ದಾನೆ, ಪೆಡಲಿನ ತೋಳು ನೆಲಕ್ಕೆ ಸಮಾನಾಂತರವಾಗಿದೆ ಎಂದುಕೊಳ್ಳೋಣ. ತೋಳಿನ ಉದ್ದ 170 ಮಿ.ಮೀ. ಮುಂದಿನ ಹಲ್ಲುಗಾಲಿಗೆ 44 ಹಲ್ಲುಗಳಿದ್ದರೆ ಅದರ ತ್ರಿಜ್ಯ ಸುಮಾರು 89 ಮಿ.ಮೀ. ಸನ್ನೆಯ ನಿಯಮದಂತೆ ಸರಪಣಿಯ ಎಳೆತವು 60ನ್ನು 170ರಿಂದ ಗುಣಿಸಿ 89ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 115 ಕಿಲೋಗ್ರಾಂ ಭಾರಕ್ಕೆ ಸಮ. ಸವಾರನ ತೂಕದ ಹೆಚ್ಚುಕಡಮೆ ಎರಡರಷ್ಟು! ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿರುವ ಚಾಮುಂಡಿಯ ನೆತ್ತಿಗೆ ತುಳಿದೇರುವವನು ಪ್ರತಿ ಸುತ್ತಿನಲ್ಲಿಯೂ ಸರಪಣಿಯನ್ನು ಇಂತಹ ಪರೀಕ್ಷೆಗೆ ಒಡ್ಡುತ್ತಾನೆ.

ಸರಪಣಿಯ ಎರಡು ತುದಿಗಳನ್ನು ಕೂಡಿಸುವ ಕೊಂಡಿಯೂ ಇಷ್ಟೇ ಎಳೆತವನ್ನು ತಾಳಬೇಕು. ಗೇರಿಲ್ಲದ ಸಾಧಾರಣ ಗಾಡಿಗಳಲ್ಲಿ ಈ ಕೂಡುಕೊಂಡಿಗೆ ಮೂರು ಭಾಗಗಳು: ಎರಡು ಕೀಲುಗಳನ್ನು ಹೊತ್ತ ಒಂದು ಪಟ್ಟಿ, ಬಿಡಿಯಾದ ಇನ್ನೊಂದು ಪಟ್ಟಿ, ಮೀನಿನಾಕಾರದ ಒಂದು ಸ್ಪ್ರಿಂಗ್ ಕ್ಲಿಪ್ಪು. ಉಗುರಿನಷ್ಟು ತೆಳುವಾದ ಕ್ಲಿಪ್ಪು 115 ಕಿಲೋಗ್ರಾಮನ್ನು ಹೇಗೆ ತಡೆದೀತೆಂದು ವಾಚಕರು ಶಂಕಿಸಬಹುದು. ತಡೆಯುವುದು ಕೀಲು ಮತ್ತು ಪಟ್ಟಿಗಳು. ಪಟ್ಟಿಯು ಪಕ್ಕಕ್ಕೆ ಜಾರದಂತೆ ಕಾಯುವುದಷ್ಟೇ ಕ್ಲಿಪ್ಪಿನ ಕೆಲಸ. ಆದರೆ ಆ ಕಾವಲು ತಪ್ಪಿದರೆ ಪಟ್ಟಿ ಸರಿಯುತ್ತದೆ, ಇಡೀ ಎಳೆತ ಒಂದೇ ಪಟ್ಟಿಗೆ ಬಿದ್ದು ಕೀಲುಗಳು ಓರೆಯಾಗುತ್ತವೆ, ಸರಪಣಿ ಬಿಚ್ಚುತ್ತದೆ.

ಕ್ಲಿಪ್ಪಿನ ಒಂದು ತುದಿ ಮುಚ್ಚಿದೆ, ಇನ್ನೊಂದು ಸೀಳಿದೆ. ಮುಚ್ಚಿದ ತುದಿಯ ಕಡೆಗೆ ಕ್ಲಿಪ್ಪನ್ನು ದೂಡಿದರೆ ಸೀಳುತುದಿ ಕೀಲಿನ ತೋಡಿನಿಂದ ಕಳಚಿಕೊಳ್ಳುತ್ತದೆ. ಸೀಳುತುದಿಯ ಕಡೆಗೆ ದೂಡಿದರೆ ಇನ್ನಷ್ಟು ಭದ್ರವಾಗಿ ಕೂರುತ್ತದೆ. ಓಡುವ ಸರಪಣಿಗೆ ಕವಚದ ನೆಗ್ಗಿದ ಅಂಚೋ ರಸ್ತೆಯ ಕಡ್ಡಿಯೋ ತಗುಲಿದರೆ ಕ್ಲಿಪ್ಪಿನ ಮೇಲೆ ಬೀಳುವ ಒತ್ತು ಸರಪಣಿಯ ಚಲನೆಗೆ ವಿರುದ್ಧ ದಿಕ್ಕಿನದು. ಆದುದರಿಂದ ಮುಚ್ಚಿದ ತುದಿ ಚಲನೆಯ ದಿಕ್ಕಿಗೆ ಮುಖಮಾಡಿರಬೇಕು. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಯಾವುದರ ಚಲನೆ? ನಮ್ಮ ಹುಡುಗನು ‘ಮುಂದಕ್ಕೆ’ ಎಂದರೆ ಗಾಡಿಯ ಮುಂದಕ್ಕೆ ಎಂದು ತಿಳಿದನು. ಗಾಡಿಯನ್ನು ಗೋಡೆಗೊರಗಿಸಿ, ಸರಪಣಿಯ ಕೆಳಗಿನ ಎಳೆಯಲ್ಲಿ ಕೊಂಡಿ ಕೂಡಿಸಿ, ಮುಚ್ಚಿದ ತುದಿಯನ್ನು ಮುಂದಿನ ಗಾಲಿಯ ಕಡೆಗೆ ತಿರುಗಿಸಿ ಕ್ಲಿಪ್ಪು ಹಾಕಿದನು. ಆದರೆ ಚೌಕಟ್ಟಿಗೆ ಹೋಲಿಸಿದರೆ ಮೇಲಿನ ಎಳೆ ಮಾತ್ರ ಮುಂದಕ್ಕೆ ಸಾಗುತ್ತದೆ, ಕೆಳಗಿನದು ಹಿಂದಕ್ಕೆ. ಆ ಕೊಂಡಿಯೇ ಹಲ್ಲುಗಾಲಿಯನ್ನು ಸುತ್ತಿ ಮೇಲಕ್ಕೆ ಬಂದಾಗ ಸೀಳುತುದಿ ಮುಂದಾಗಿರುತ್ತದೆ. ಅವನ ಗಾಡಿಯ ಕವಚ ಒಂದು ಕಡೆ ನೆಗ್ಗಿತ್ತು. ಪ್ರತಿ ಸುತ್ತಿನಲ್ಲೂ ಅದು ಕ್ಲಿಪ್ಪನ್ನು ಸವರಿ ಸವರಿ ಬೆಟ್ಟದ ತಿರುವಿನಲ್ಲಿ ಕಿತ್ತೆಸೆಯಿತು. ಸಾಪೇಕ್ಷ ಚಲನೆಯ ಪಾಠವನ್ನು ಅವನಿಗೆ ಮಾಡಿದವರು ನಾವೇ ಎಂಬುದು ನಮಗೆ ಅಷ್ಟೇನೂ ಹೆಮ್ಮೆಯ ವಿಷಯವಲ್ಲ. ಕೂಡುಕೊಂಡಿಯನ್ನು ಯಾವಾಗಲೂ ಮೇಲಿನ ಎಳೆಗೆ ತಂದು ಕ್ಲಿಪ್ಪು ಹಾಕುವ ಅಭ್ಯಾಸವಿದ್ದರೆ ಈ ಗೊಂದಲವೇ ಇಲ್ಲ.

ಕೊಂಡಿಯ ಆಯ್ಕೆಯಲ್ಲಿ ಅಗಲವು ಮುಖ್ಯ. ಗೇರಿಲ್ಲದ ಗಾಡಿಗಳ ಸರಪಣಿಗೆ ಒಳ ಅಗಲ ಸಾಮಾನ್ಯವಾಗಿ 1/8 ಅಂಗುಲ. ಗೇರಿನ ಗಾಡಿಗಳದು 3/32 ಅಂಗುಲ ಅಥವಾ ಇನ್ನೂ ಕಿರಿದು. ಅಂಗಡಿಯ ಡಬ್ಬಿಯಲ್ಲಿ ಎರಡೂ ಬೆರೆತಿದ್ದರೆ ಕಣ್ಣಿಗೆ ಭೇದ ತೋರದು. ಕಿರಿದಾದ ಕೊಂಡಿಯ ಕೀಲು ಅಗಲದ ಸರಪಣಿಯಲ್ಲಿ ಗಿಡ್ಡವಾಗಿ, ತೋಡು ಪಟ್ಟಿಯಿಂದ ಹೊರಗೆ ಕಾಣದೆ, ಕ್ಲಿಪ್ಪು ಕೂರುವುದೇ ಇಲ್ಲ. ಗೇರಿನ ಗಾಡಿಗೆ ಕ್ಲಿಪ್ಪಿನ ಕೊಂಡಿ ಸಲ್ಲದು. ಪಕ್ಕದ ಹಲ್ಲುಗಾಲಿಗೆ ಅದು ತಗುಲುತ್ತದೆ. ಅಲ್ಲಿ ತಲಾ ಒಂದು ಕೀಲಿರುವ ಎರಡು ಪಟ್ಟಿಗಳು ಒಂದರ ರಂಧ್ರದಲ್ಲೊಂದು ಜಾರಿ ಬಿಗಿಯುವ ಕೊಂಡಿಯನ್ನು ಬಳಸುತ್ತಾರೆ. ಎಂಟು ಗೇರಿನ ಸರಪಣಿಯ ಹೊರ ಅಗಲ ಸುಮಾರು 7 ಮಿ.ಮೀ., ಹನ್ನೊಂದು ಗೇರಿನದು ಸುಮಾರು 5.5 ಮಿ.ಮೀ.; ಆದುದರಿಂದ ಒಂದರ ಕೊಂಡಿ ಮತ್ತೊಂದಕ್ಕೆ ಬಾರದು. ತೀರ ಕಿರಿದಾದ ಸರಪಣಿಗಳ ಕೊಂಡಿಯನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಕೂಡದೆಂದು ಕೆಲವು ತಯಾರಕರು ಮುದ್ರಿಸಿರುತ್ತಾರೆ.

ಒಳಕೊಂಡಿ ಹೊರಕೊಂಡಿಗಳು ಜೋಡಿಯಾಗಿ ಬರುವುದರಿಂದ ಸರಪಣಿಯ ಕೊಂಡಿಗಳ ಸಂಖ್ಯೆ ಸಮವಾಗಿರಬೇಕು. ಎರಡು ಕೊಂಡಿ ಸೇರಿಸಿದರೆ ಸರಪಣಿ ಒಂದು ಅಂಗುಲ ಬೆಳೆದು ಗಾಲಿಯ ಅಚ್ಚು ಅರ್ಧ ಅಂಗುಲ ಹಿಂದೆ ಸರಿಯುತ್ತದೆ. ಅಷ್ಟು ಸ್ಥಳವಿಲ್ಲದಿದ್ದರೆ ಒಂದು ತುದಿ ಕಿರಿದಾಗಿಯೂ ಇನ್ನೊಂದು ಅಗಲವಾಗಿಯೂ ಇರುವ ಅರೆಕೊಂಡಿ ಒದಗುತ್ತದೆ. ಆಗ ಅಚ್ಚು ಕಾಲು ಅಂಗುಲ ಮಾತ್ರ ಸರಿಯುತ್ತದೆ.

ಹಳೆಯ ಸರಪಣಿಯ ಪಕ್ಕದಲ್ಲಿ ಹೊಸದನ್ನು ತೂಗುಹಾಕಿ ತುದಿಗೆ ತುದಿ ಹೊಂದಿಸಿ ಕತ್ತರಿಸುವುದು ನಮ್ಮ ಬೀದಿಯ ರೂಢಿ. ಇದನ್ನು ನಾವು ಒಪ್ಪುವುದಿಲ್ಲ. ಸರಪಣಿ ‘ಹಿಗ್ಗಿದೆ’ ಎನ್ನುತ್ತೇವಾದರೂ ಲೋಹ ಹಿಗ್ಗಿರುವುದಿಲ್ಲ. ಕೀಲುಗಳೂ ಕೊಳವೆಗಳೂ ಉಜ್ಜಿ ಸವೆದಿರುತ್ತವೆ. ನೂರು ಕೊಂಡಿಗಳ ಸರಪಣಿ 50 ಅಂಗುಲ. ಶೇಕಡಾ ಒಂದರಷ್ಟು ಸವೆದರೆ ಅದು ಅರ್ಧ ಅಂಗುಲ ಬೆಳೆಯುತ್ತದೆ, ಅಂದರೆ ಸರಿಯಾಗಿ ಒಂದು ಕೊಂಡಿಯಷ್ಟು. ಎಣಿಸಿದರೆ ಮೋಸವಿಲ್ಲ. ಸವೆತವನ್ನು ಅಳೆಯಲು ಉಕ್ಕಿನ ಅಡಿಕೋಲು ಸಾಕು. ಬಿಗಿಯಾಗಿ ಎಳೆದ ಸರಪಣಿಯಲ್ಲಿ 24 ಕೊಂಡಿಗಳು 12 ಅಂಗುಲವಿರಬೇಕು. 1/16 ಅಂಗುಲ ಹೆಚ್ಚಾದರೆ ಬದಲಾಯಿಸುವ ಕಾಲ ಬಂದಿತು. ಆಗ ಒಂದೊಂದು ಕೀಲಿನ ಪಾಲಿಗೆ ಬರುವ ಸವೆತ 0.07 ಮಿ.ಮೀ.ಗಿಂತ ಕಡಮೆ! 1/8 ಅಂಗುಲಕ್ಕೆ ಬಂದಿದ್ದರೆ ಹಲ್ಲುಗಾಲಿಗಳೂ ಕೆಟ್ಟಿರುತ್ತವೆ. ಅವುಗಳ ಮೇಲೆ ಹೊಸ ಸರಪಣಿ ಜಿಗಿಯುತ್ತದೆ.

ಉಪಕರಣಗಳ ವಿಷಯ ಹೆಚ್ಚಿಲ್ಲ. ಕೀಲನ್ನು ತಿರುಪಿನಿಂದ ಹೊರದೂಡುವ ಸರಪಣಿ ಹತ್ಯಾರು ಒಂದು ಬೇಕು. ದೂಡುವ ಮೊಳೆ ಕೀಲಿಗೆ ನೇರವಾಗಿ ಕೂತಿದೆಯೆಂದು ನೋಡಿಕೊಂಡೇ ತಿರುಪು ತಿರುಗಿಸಬೇಕು. ಸುತ್ತಿಗೆ ಮತ್ತು ಮೊಳೆಯಿಂದಲೂ ಅಗಲವಾದ ಸರಪಣಿಯನ್ನು ಬಿಡಿಸಬಹುದು, ಆದರೆ ಪಟ್ಟಿ ಬಾಗುವ ಭಯವುಂಟು. ಕ್ಲಿಪ್ಪಿಗೆ ಚೂಪುಮೂತಿಯ ಇಕ್ಕಳ ಒಳ್ಳೆಯದು. ಸ್ಕ್ರೂಡ್ರೈವರಿನಿಂದ ಮೀಟಿದರೆ ಕ್ಲಿಪ್ಪು ಹಾರಿ ಕಣ್ಣಿಗೆ ಬಡಿದೀತು. ಮೀಟಿ ಬಾಗಿದ ಕ್ಲಿಪ್ಪನ್ನು ಮತ್ತೆ ಹಾಕಲೂಬಾರದು.

ಪೂರ್ಣ ಕವಚವಿರುವ ಗಾಡಿಗೆ ಒಂದು ಉಪಾಯವುಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಮೋಟಾರು ಸೈಕಲ್ಲುಗಳ ಹಿಂದಿನ ಸರಪಣಿ ಕವಚದೊಳಗೆ ಅಡಗಿರುತ್ತಿತ್ತು. ಅಂತಹ ಗಾಡಿಯಲ್ಲಿ ಹಳೆಯ ಸರಪಣಿಯನ್ನು ಹೊರಗೆಳೆಯುವ ಮೊದಲು ಅದರ ತುದಿಗೆ ಹೊಸದರ ತುದಿಯನ್ನು ಕೂಡುಕೊಂಡಿಯಿಂದ ಸೇರಿಸಿ ಎಳೆದರೆ, ಹಳೆಯದು ಹೊರಬರುತ್ತಿದ್ದಂತೆ ಹೊಸದು ತಾನಾಗಿ ಹಲ್ಲುಗಾಲಿಯನ್ನು ಸುತ್ತಿ ಬರುತ್ತದೆ. ಕವಚವುಳ್ಳ ಬೈಸಿಕಲ್ಲಿಗೂ ಈ ಕ್ರಮ ಸಲ್ಲುತ್ತದೆ.

ಕೂಡಿಸಿದ ಮೇಲೆ ಕೊಂಡಿ ಸರಾಗವಾಗಿ ಮಡಿಯುವುದೇ ಎಂದು ಬೆರಳಿನಿಂದ ಪರೀಕ್ಷಿಸಬೇಕು. ಬಿಗಿಯಾಗಿದ್ದರೆ ಪಕ್ಕಕ್ಕೆ ಮೆಲ್ಲನೆ ಬಾಗಿಸಿದಾಗ ಸಡಿಲುತ್ತದೆ. ಗೇರಿಲ್ಲದ ಗಾಡಿಯಲ್ಲಿ ಎರಡು ಹಲ್ಲುಗಾಲಿಗಳ ನಡುಭಾಗದಲ್ಲಿ ಸರಪಣಿ ಮೇಲಕ್ಕೂ ಕೆಳಕ್ಕೂ ಒಟ್ಟು ಅರ್ಧ ಅಂಗುಲದಷ್ಟು ಆಡಬೇಕು. ಹಲ್ಲುಗಾಲಿ ಸರಿಯಾದ ವೃತ್ತವಲ್ಲದಿರುವುದು ಸಾಮಾನ್ಯವಾದ್ದರಿಂದ ಪೆಡಲನ್ನು ಒಂದು ಪೂರ್ಣ ಸುತ್ತು ತಿರುಗಿಸಿ, ಎಲ್ಲಿ ಅತ್ಯಂತ ಬಿಗಿಯೋ ಅಲ್ಲಿ ಈ ಅಳತೆಯನ್ನು ನೋಡಿ ಹಿಂದಿನ ಅಚ್ಚಿನ ತಿರುಪುಗಳನ್ನು ಬಿಗಿಮಾಡಬೇಕು.