ಹಿತ್ತಲ ಟೊಮೇಟೊ ಮತ್ತು ಕೋಟೆ ಬೆಟ್ಟದ ಒಂದು ದಿನ



ಮಡಕಶಿರಾ ಸೀಮೆಯ ಗುಡಿಬಂಡೆಯ ಸುತ್ತ ಬಂಡೆಗುಡ್ಡಗಳಿಗೆ ಕೊರತೆಯಿಲ್ಲ. ಅನಂತಪುರ ಜಿಲ್ಲೆಯಲ್ಲಿದ್ದ ಈ ಭಾಗ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಳೆ ಮಾತ್ರ ಅಂದಿನಂತೆ ಕಡಿಮೆಯೇ. ಡಿಸೆಂಬರ್ ಕೊನೆಯ ಭಾನುವಾರ ನಿಮ್ಮ ಸಂಘದ ಇಪ್ಪತ್ತು ಜನ, ಮನೆಯವರೊಡನೆ, ರೊಳ್ಳ ಮಂಡಲದ ರತ್ನಗಿರಿ ಕೋಟೆ ಬೆಟ್ಟ ಹತ್ತುವಿರೆಂದು ಇಟ್ಟುಕೊಳ್ಳಿ. ಬುತ್ತಿಗೆ ಹಿತ್ತಲ ಟೊಮೇಟೊ ಬೇಕಾದರೆ ಸಿದ್ಧತೆ ಸೆಪ್ಟೆಂಬರ್ ನಡುವಿನಲ್ಲೇ ಆರಂಭವಾಗಬೇಕು.

ಸಸಿ ಮತ್ತು ನಾಟಿ

ಅಗಲವಾದ ಕುಂಡದಲ್ಲಿ ಅರ್ಧ ಅಂಗುಲಕ್ಕಿಂತ ಆಳವಾಗದಂತೆ ಬೀಜ ಬಿತ್ತಿ, ತೆಳು ಬಟ್ಟೆಯ ಪರದೆ ಕಟ್ಟಿರಿ. ಎಲೆ ಮುದುಡುವ ರೋಗವನ್ನು ಹರಡುವ ಬಿಳಿನೊಣವನ್ನು ಇದು ತಡೆಯುತ್ತದೆ. 25ರಿಂದ 30 ದಿನದ ಸಸಿಯನ್ನು ಸಂಜೆ ಹೊತ್ತು ಎರಡು ಅಡಿ ಅಂತರದಲ್ಲಿ ನೆಡಿರಿ. ಬದನೆ, ಮೆಣಸಿನಕಾಯಿ ಬೆಳೆದ ಮಡಿ ಬೇಡ. ಕಾರ್ಖಾನೆಯ ಪ್ರೆಸ್‌ಮಡ್ ಹಾಕುವುದಾದರೆ ಚೆನ್ನಾಗಿ ಕಳಿತದ್ದನ್ನೇ ಹಾಕತಕ್ಕದ್ದು. ಹಸಿಯದು ಕಾವೇರಿ ಬೇರನ್ನು ಸುಡುತ್ತದೆ. ಬುಡಕ್ಕೆ ಕಬ್ಬಿನ ತರಗು ಹೊದಿಸಿ, ಗಿಡಕ್ಕೆ ಊರುಗೋಲು ಕಟ್ಟಿರಿ.

ನೀರಿನ ಕ್ರಮ

ನಾಲ್ಕು ದಿನ ಒಣಗಿಸಿ ಐದನೆಯ ದಿನ ಬಿಂದಿಗೆಗಟ್ಟಲೆ ಸುರಿದರೆ ಕಾಯಿಯ ತಳ ಕಪ್ಪಾಗುತ್ತದೆ, ಹಣ್ಣು ಬಿರಿಯುತ್ತದೆ. ತಳ ಕಪ್ಪಾಗುವುದು ಅಂಟುರೋಗವಲ್ಲ; ನೀರು ಏರುಪೇರಾಗಿ ಸುಣ್ಣದ ಅಂಶ ಕಾಯಿಗೆ ತಲುಪದ ದೋಷ. ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಿತಮಿತವಾಗಿ ಕೊಡಿರಿ. ಸೋಪಿನ ನೀರು ಬೇಡ. ಎಲೆ ಮುದುಡಿದ ಗಿಡವನ್ನು ಕೂಡಲೇ ಕಿತ್ತು ಹೂಳಿರಿ. ನೆಟ್ಟ 60ರಿಂದ 70 ದಿನಕ್ಕೆ ಮೊದಲ ಹಣ್ಣು ಸಿಗುತ್ತದೆ. ಬುತ್ತಿಗೆ ದೋರೆಗಾಯಿಯೇ ಮೇಲು, ಚೀಲದಲ್ಲಿ ನಜ್ಜುಗುಜ್ಜಾಗದು.

ಬೆಟ್ಟದ ದಿನ

ಮನುಷ್ಯನ ದೇಹಕ್ಕೂ ಇದೇ ಮಾತು. ಬಾಯಾರಿದ ಮೇಲೆ ಗಟಗಟನೆ ಕುಡಿಯುವ ಬದಲು ಆಗಾಗ್ಗೆ ಸ್ವಲ್ಪ ಸ್ವಲ್ಪ ಕುಡಿಯಬೇಕು. ತಲೆಗೆ ಮೂರು ಲೀಟರಿನಂತೆ ಇಪ್ಪತ್ತು ಜನಕ್ಕೆ 60 ಲೀಟರು ನೀರು ಬೇಕು. ಎರಡು ಲೀಟರು ಅವರವರ ಹೆಗಲಲ್ಲಿರಲಿ, ಉಳಿದದ್ದು ಬೆಟ್ಟದ ಬುಡದಲ್ಲಿರಲಿ. ದೊಣೆಯ ನೀರನ್ನು ನಂಬಬೇಡಿ; ಅಂಚಿನಲ್ಲಿ ಪಾಚಿ ಜಾರುತ್ತದೆ.

ಬೆಳಗಿನ ಆರೂವರೆಗೆ ಹತ್ತಲಾರಂಭಿಸಿ. ಹತ್ತೂವರೆಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು, ತುದಿ ಹತ್ತು ಮಾರು ದೂರದಲ್ಲಿದ್ದರೂ ಸರಿ. ಬಂಡೆ ಕಾದ ಮೇಲೆ ಇಳಿಯುವಾಗಲೇ ಕಾಲು ಸೋಲುವುದು ಹೆಚ್ಚು. ದಾರಿ ಬಲ್ಲವರೊಬ್ಬರು ಮುಂದಿರಲಿ, ಗಟ್ಟಿಗರೊಬ್ಬರು ಕೊನೆಯಲ್ಲಿರಲಿ. ನಿಧಾನ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಬುಡದಲ್ಲಿ, ಮೇಲೆ, ಇಳಿದ ಮೇಲೆ ಮೂರು ಸಲ ತಲೆ ಎಣಿಸಿರಿ. ಹವಾಯಿ ಚಪ್ಪಲಿ ಬೇಡ. ಬಂಡೆಯಲ್ಲಿ ಹೆಜ್ಜೇನು ಕಂಡರೆ ಬೀಡಿ, ಬೆಂಕಿ, ಗದ್ದಲ ಯಾವುದೂ ಕೂಡದು. ಸದ್ದಿಲ್ಲದೆ ದೂರ ಸರಿಯಿರಿ. ಯಾರಿಗಾದರೂ ತಲೆ ಸುತ್ತಿದರೆ ನೆರಳಿಗೆ ಕರೆತಂದು, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿರಿ. ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.

ಬುತ್ತಿಗೆ ರೊಟ್ಟಿ, ಹುರಿದ ಕಡಲೆಕಾಯಿ, ಹುಚ್ಚೆಳ್ಳು ಪುಡಿ, ಉಪ್ಪು ಹಚ್ಚಿದ ಟೊಮೇಟೊ ಹೋಳು ಸಾಕು. ಟೊಮೇಟೊ ಹುಳಿಯಾದ್ದರಿಂದ ಅಲ್ಯೂಮಿನಿಯಂ ಡಬ್ಬಿ ಬೇಡ, ಸ್ಟೀಲಿನದೇ ಇರಲಿ. ಕೋಟೆಗೋಡೆಯ ಮೇಲೆ ಹೆಸರು ಕೆತ್ತುವುದು, ಚೀಲ ಬಿಸಾಡುವುದು ನಮಗೆ ಶೋಭಿಸದು.

ಸೆಪ್ಟೆಂಬರಿನ ಮೊದಲ ಸಭೆಯಲ್ಲಿ ಎರಡು ಹೆಸರು ಗೊತ್ತುಮಾಡಿಕೊಳ್ಳಿರಿ: ಬೀಜ ತರುವವರು ಯಾರು, ಸಾಲಿನ ಕೊನೆಯಲ್ಲಿ ನಡೆಯುವವರು ಯಾರು. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ.