ದೊಂರೆಮಿ ಎಂಬ ಪುಟ್ಟ ಊರು

ಅಕ್ಕಂದಿರೇ, ಪ್ರಪಂಚದ ಭೂಪಟ ತೆಗೆಯಿರಿ. ನಮ್ಮ ದೇಶದಿಂದ ಪಡುವಣ ದಿಕ್ಕಿಗೆ ಬೆರಳು ಓಡಿಸಿ. ಸಮುದ್ರ ದಾಟಿ, ಮರಳುಗಾಡು ದಾಟಿ ಹೋದರೆ ಯುರೋಪು ಸಿಗುತ್ತೆ. ಅಲ್ಲಿ ಫ್ರಾನ್ಸ್ ಅಂತ ಒಂದು ದೇಶ. ಅದರ ಮೂಡಣ ಭಾಗದಲ್ಲಿ ಮ್ಯೂಸ್ ಎಂಬ ಹೊಳೆ ಇದೆ. ಆ ಹೊಳೆಯ ಎಡದಂಡೆಯಲ್ಲಿ ದೊಂರೆಮಿ ಎಂಬ ಊರಿದೆ. ಊರಿನ ಹೆಸರನ್ನು ಭೂಪಟದಲ್ಲಿ ಹುಡುಕಬೇಡಿ, ಸಿಗೋದಿಲ್ಲ. ಅಷ್ಟು ಸಣ್ಣ ಊರು. ಇವತ್ತಿಗೂ ಅಲ್ಲಿ ಇನ್ನೂರು ಜನ ಇಲ್ಲ.

ಮ್ಯೂಸ್ ಹೊಳೆ ಉತ್ತರಕ್ಕೆ ಹರಿಯುತ್ತೆ. ಮೂರು ದೇಶಗಳಲ್ಲಿ 900 ಕಿಲೋಮೀಟರಿಗಿಂತ ಹೆಚ್ಚು ದೂರ ಹರಿದು ಸಮುದ್ರ ಸೇರುತ್ತೆ. ದೊಂರೆಮಿ ಹತ್ತಿರ ಅದು ಇನ್ನೂ ಚಿಕ್ಕ ಹೊಳೆ. ದಡದಲ್ಲಿ ಹುಲ್ಲುಗಾವಲು. ಆಮೇಲೆ ಹೊಲ. ಅದರಾಚೆ ದಿಬ್ಬ. ದಿಬ್ಬದ ಮೇಲೆ ಓಕ್ ಮರಗಳ ಕಾಡು. ಜನರಿಗೆ ದನ, ಕುರಿ, ಬೇಸಾಯವೇ ಬದುಕು. ಹಿಂದೆ ಊರಿನ ದನಗಳನ್ನೆಲ್ಲ ಒಟ್ಟಿಗೆ ಬಿಡುತ್ತಿದ್ದರು. ಇವತ್ತು ಈ ಮನೆಯವರು, ನಾಳೆ ಆ ಮನೆಯವರು, ಹೀಗೆ ಸರದಿ ಮೇಲೆ ಕಾಯುತ್ತಿದ್ದರು.

ಈ ಊರು ಗಡಿಯಲ್ಲಿತ್ತು. ಅದೇ ಅದರ ಕಷ್ಟ. 1337ರಿಂದ 1453ರವರೆಗೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೀತು. ಫ್ರಾನ್ಸಿನ ಸಿಂಹಾಸನ ತನ್ನದು ಅಂತ ಇಂಗ್ಲೆಂಡಿನ ರಾಜ ಹೇಳಿದ. ಬರ್ಗಂಡಿ ಎಂಬ ಸೀಮೆಯ ದೊರೆ ಇಂಗ್ಲಿಷರ ಕಡೆ ಸೇರಿದ. ದೊಂರೆಮಿಯವರು ಫ್ರಾನ್ಸ್ ರಾಜನ ಕಡೆ. ಹೊಳೆಯಾಚೆ ಮಾಕ್ಸೆ ಎಂಬ ಊರಿತ್ತು. ಅವರು ಬರ್ಗಂಡಿ ಕಡೆ. ಎರಡೂ ಊರಿನ ಹುಡುಗರು ಹೊಡೆದಾಡಿ, ರಕ್ತ ಸುರಿಸಿಕೊಂಡು ಮನೆಗೆ ಬರುತ್ತಿದ್ದರು. ರಾಜರ ಜಗಳ ಮಕ್ಕಳ ತಲೆ ಒಡೆಯಿತು ನೋಡಿ!

ದಂಡು ಬಂದರೆ ಮೊದಲು ಹೋಗೋದು ದನಕರು. ಹೊಳೆಯ ನಡುಗಡ್ಡೆಯಲ್ಲಿ ಒಂದು ಪಾಳು ಕೋಟೆ ಇತ್ತು. ಊರವರು ಅದನ್ನು ಗುತ್ತಿಗೆಗೆ ಹಿಡಿದರು. ದಂಡು ಬಂದಾಗ ದನಗಳನ್ನು ಅಲ್ಲಿಗೆ ಹೊಡೆಯೋದಕ್ಕೆ! 1428ರಲ್ಲಿ ಅದೂ ಸಾಲಲಿಲ್ಲ. ಇಡೀ ಊರು ದನಗಳನ್ನು ಹೊಡಕೊಂಡು ಹತ್ತು ಕಿಲೋಮೀಟರ್ ದೂರದ ಪೇಟೆಗೆ ಓಡಿಹೋಯಿತು.

ಹಾಗೆ ಓಡಿದವರಲ್ಲಿ ಜೋನ್ ಎಂಬ ಹುಡುಗಿ ಇದ್ದಳು. ಸುಮಾರು 1412ರಲ್ಲಿ ಹುಟ್ಟಿದವಳು. ಅಪ್ಪ ರೈತ. ಅಮ್ಮನ ಹೆಸರು ಇಸಬೆಲ್. ನೂಲು ತೆಗೆಯೋದು, ಬಟ್ಟೆ ಹೊಲಿಯೋದು ಅವಳಿಗೆ ಅಮ್ಮ ಕಲಿಸಿದಳು. ಆ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ತಾಯಿಯ ಮನೆತನದ ಹೆಸರು ಬರುತ್ತಿತ್ತಂತೆ. ಇದನ್ನು ಜೋನ್ ತಾನೇ ಹೇಳಿದ್ದಾಳೆ.

ಸಂತರ ದನಿ ತನಗೆ ಕೇಳಿಸುತ್ತೆ, ದೇಶ ಉಳಿಸು ಅನ್ನುತ್ತೆ ಎಂದಳು ಜೋನ್. ಆದರೆ ಅಪ್ಪ ಬಿಡಬೇಕಲ್ಲ? ನೆಂಟನೊಬ್ಬ ಬಂದು, ಹೆಂಡತಿಯ ಬಾಣಂತನಕ್ಕೆ ಜೋನಳನ್ನು ಕಳಿಸಿ ಅಂತ ಕರಕೊಂಡು ಹೋದ. ಅಲ್ಲಿಂದ ಅವಳು ಗಂಡಸಿನ ಉಡುಪು ತೊಟ್ಟು, ಕುದುರೆ ಹತ್ತಿ ರಾಜನ ಬಳಿಗೆ ನಡೆದಳು. 1429ರ ಮೇ ತಿಂಗಳಲ್ಲಿ ಓರ್ಲಿಯನ್ಸ್ ಪಟ್ಟಣದ ಮುತ್ತಿಗೆ ಮುರಿಯಿತು. ಜುಲೈ ತಿಂಗಳಲ್ಲಿ ರಾಜನಿಗೆ ಪಟ್ಟಾಭಿಷೇಕ ಆಯಿತು. ರಾಜ ದೊಂರೆಮಿಗೂ ಪಕ್ಕದ ಗ್ರೂ ಎಂಬ ಊರಿಗೂ ಕಂದಾಯ ಮಾಫಿ ಮಾಡಿದ. ಅದು ಜೋನ್ ತನ್ನ ಊರಿಗೆ ತಂದ ಬಾಗಿನ!

ಜೋನಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದಳು, ಬೇರೆಯವರು ಕಾಗದ ಬರೆಯುತ್ತಿದ್ದರು. ಅವಳ ಹೆಸರಿನ ರುಜು ಇರುವ ಮೂರು ಕಾಗದ ಈಗಲೂ ಉಳಿದಿವೆ.

1430ರಲ್ಲಿ ಬರ್ಗಂಡಿಯವರು ಅವಳನ್ನು ಹಿಡಿದರು. ದುಡ್ಡು ತಗೊಂಡು ಇಂಗ್ಲಿಷರಿಗೆ ಕೊಟ್ಟರು. ಇಂಗ್ಲಿಷರ ಕಡೆಯ ಪಾದ್ರಿಗಳು ಅವಳ ಮೇಲೆ ಧರ್ಮದ್ರೋಹದ ವಿಚಾರಣೆ ನಡೆಸಿದರು. 1431ರ ಮೇ 24ರಂದು ಜನರ ಮುಂದೆ ನಿಲ್ಲಿಸಿ ಒಂದು ಕಾಗದ ಓದಿದರು. ತಪ್ಪಾಯಿತು ಅಂತ ಒಪ್ಪಿಕೊಳ್ಳುವ ಕಾಗದ. ಗುರುತು ಹಾಕು, ಇಲ್ಲದಿದ್ದರೆ ಸುಡುತ್ತೇವೆ ಅಂದರು. ಅವಳು ಗುರುತು ಹಾಕಿದಳು. ಆ ಕಾಗದ ಆರೆಂಟು ಸಾಲಿತ್ತು ಅಂತ ಅಲ್ಲಿದ್ದವರು ಆಮೇಲೆ ಸಾಕ್ಷಿ ಹೇಳಿದ್ದಾರೆ. ಆದರೆ ಕೋರ್ಟಿನ ದಾಖಲೆಯಲ್ಲಿ ಇರುವ ಕಾಗದ ಬಲು ಉದ್ದ! ಅದರಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ ಅಂತ ಜೋನ್ ನಾಲ್ಕು ದಿನ ಕಳೆದ ಮೇಲೆ ಹೇಳಿದಳು. ಹೆಬ್ಬೆಟ್ಟು ಒತ್ತಿದ ಅಕ್ಕಂದಿರಿಗೆ ಈ ಸಂಕಟ ನಾನು ಬಿಡಿಸಿ ಹೇಳಬೇಕಿಲ್ಲ. ಮೇ 30ರಂದು ರೂಆನ್ ಎಂಬ ಪಟ್ಟಣದಲ್ಲಿ ಅವಳನ್ನು ಜೀವಂತ ಸುಟ್ಟರು. ಆಗ ಅವಳಿಗೆ ಹತ್ತೊಂಬತ್ತರ ಪ್ರಾಯ.

ಇಪ್ಪತ್ನಾಲ್ಕು ವರ್ಷ ಕಳೀತು. ಜೋನಳ ಅಪ್ಪ ತೀರಿಕೊಂಡಿದ್ದ. ಮುದುಕಿ ಇಸಬೆಲ್ 1455ರ ನವೆಂಬರ್ 7ರಂದು ಪ್ಯಾರಿಸ್ ನಗರದ ದೊಡ್ಡ ಚರ್ಚಿಗೆ ಬಂದಳು. ನನ್ನ ಮಗಳಿಗೆ ಅನ್ಯಾಯ ಆಗಿದೆ, ನ್ಯಾಯ ಕೊಡಿ ಅಂತ ಅತ್ತು ಬೇಡಿದಳು. ಮತ್ತೆ ವಿಚಾರಣೆ ಶುರುವಾಯಿತು. 1456ರ ಆರಂಭದಲ್ಲಿ ಬರೆದುಕೊಳ್ಳುವವರು ದೊಂರೆಮಿಗೇ ಬಂದರು. ಆ ಸೀಮೆಯ ಮೂವತ್ತಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ಅವರಲ್ಲಿ ರೈತರಿದ್ದರು, ರೈತರ ಹೆಂಡಿರಿದ್ದರು.

ಅವರು ಹೇಳಿದ್ದೆಲ್ಲ ಮನೆಮಾತು. ಜೋನ್ ನೂಲುತ್ತಿದ್ದಳು, ಸರದಿ ಬಂದಾಗ ದನ ಕಾಯುತ್ತಿದ್ದಳು ಅಂದರು. ವಸಂತದಲ್ಲಿ ಹುಡುಗಿಯರೆಲ್ಲ ಬುತ್ತಿ ಕಟ್ಟಿಕೊಂಡು ಊರಾಚೆಯ ದೊಡ್ಡ ಮರದ ಕೆಳಗೆ ಆಡೋದಕ್ಕೆ ಹೋಗುತ್ತಿದ್ದರು, ಅವಳೂ ಬರುತ್ತಿದ್ದಳು ಅಂದರು. ಮೊದಲ ವಿಚಾರಣೆಯಲ್ಲಿ ಪಾದ್ರಿಗಳು ಈ ಮರವನ್ನೇ ಮಾಟದ ಮರ ಅಂದಿದ್ದರು! ಚರ್ಚಿನ ಗಂಟೆ ಹೊಡೆಯುವವನು ಬಂದ. ಗಂಟೆ ಹೊಡೆಯೋದು ಮರೆತಾಗ ಜೋನ್ ಬೈಯುತ್ತಿದ್ದಳು, ಸರಿಯಾಗಿ ಹೊಡೆದರೆ ಉಡುಗೊರೆ ಕೊಡ್ತೀನಿ ಅನ್ನುತ್ತಿದ್ದಳು ಅಂದ. ಓವಿಯೆಟ್ ಎಂಬ ಗೆಳತಿ ಬಂದಳು. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದವರು. ನನಗೊಂದು ಮಾತು ಹೇಳದೆ ಹೋಗಿಬಿಟ್ಟಳು, ಬಹಳ ಅತ್ತೆ ಅಂದಳು. ಇದನ್ನೂ ಬರೆದುಕೊಂಡರು. ಹಾಗಾಗಿ ಇವತ್ತು ನಾವೂ ಓದುತ್ತಿದ್ದೇವೆ.

1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು.

ಈಗ ಆ ಊರಿನ ಪೂರ್ತಿ ಹೆಸರು ದೊಂರೆಮಿ ಲಾ ಪ್ಯೂಸೆಲ್. ಪ್ಯೂಸೆಲ್ ಅಂದರೆ ಕನ್ಯೆ. ಜೋನಳನ್ನು ಜನ ಹಾಗೆ ಕರೆಯುತ್ತಿದ್ದರು. ಅವಳ ಕಲ್ಲಿನ ಮನೆ ಇನ್ನೂ ನಿಂತಿದೆ. 1818ರಲ್ಲಿ ಸರ್ಕಾರದವರು ಅದನ್ನು ಕೊಂಡರು. ನೋಡೋದಕ್ಕೆ ದೂರದೂರದಿಂದ ಜನ ಬರುತ್ತಾರೆ. ಮನೆಯ ಪಕ್ಕದಲ್ಲೇ ಚರ್ಚು. ಸ್ವಲ್ಪ ದೂರದಲ್ಲಿ ಮ್ಯೂಸ್ ಹೊಳೆ.

ಕೂಡಿ ಮಾತಾಡಿ, ಆಮೇಲೆ ಬರೆಯಿರಿ:

ದೊಂರೆಮಿಯವರು ನಡುಗಡ್ಡೆಯ ಕೋಟೆಯನ್ನು ಯಾಕೆ ಗುತ್ತಿಗೆಗೆ ಹಿಡಿದರು?

ಜೋನ್ ಗುರುತು ಹಾಕಿದ ಕಾಗದ ಎಷ್ಟು ಸಾಲಿತ್ತು ಅಂತ ಸಾಕ್ಷಿಗಳು ಹೇಳಿದರು?

ನಿಮ್ಮ ಊರಿನ ಹಿರಿಯ ಹೆಂಗಸೊಬ್ಬರ ಬಳಿ ಕುಳಿತು, ಊರಿನ ಹಳೆಯ ಮಾತು ಒಂದನ್ನು ಕೇಳಿ. ಅವರು ಹೇಳಿದ ಹಾಗೆಯೇ ಮೂರು ಸಾಲು ಬರೆದು, ಅವರಿಗೆ ಓದಿ ಹೇಳಿ.