ಮನೆ ನೋಡಲು ಬರುವವರು ಮತ್ತು ನಿಮ್ಮ ಅಡ್ವಾನ್ಸ್

ಬಳ್ಳಾರಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಮೊದಲು ಬೀದಿ ತುದಿಯ ಚಹಾದಂಗಡಿಗೆ ಮುಟ್ಟುತ್ತದೆ, ಆಮೇಲೆ ಬ್ರೋಕರುಗಳಿಗೆ, ಎಲ್ಲರಿಗಿಂತ ಕೊನೆಗೆ ಆ ಮನೆಯೊಳಗೆ ಬಾಡಿಗೆಗೆ ಇರುವವರಿಗೆ. ಅವರಿಗೆ ತಿಳಿಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿಯುತ್ತಾರೆ. ತೆಗೆದರೆ ಹೊರಗೆ ಗುರುತಿಲ್ಲದ ಗಂಡ ಹೆಂಡತಿ, ಜೊತೆಗೊಬ್ಬ ಬ್ರೋಕರ್. "ಎರಡೇ ನಿಮಿಷ ಅಕ್ಕಾರ, ಮನಿ ನೋಡ್ಕೊಂಡು ಹೋಗ್ತೀವ್ರಿ."

ಆ ಎರಡು ನಿಮಿಷ ಎಷ್ಟು ಉದ್ದ ಎಂಬುದು ಗಾಂಧಿನಗರದ ಕಡೆ ಬಾಡಿಗೆಗಿದ್ದ ಈ ಅಂಕಣಕಾರ್ತಿಗೆ ಚೆನ್ನಾಗಿ ಗೊತ್ತು. ಬಂದವರು ಬಚ್ಚಲ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ತೇವ ಇದೆಯೇ ಎಂದು ನೋಡಿದರು. ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆಗೆದು ಪೈಪಿಗೆ ಕೈ ಹಾಕಿದರು. ಜೊತೆಗಿದ್ದ ಹುಡುಗ ಮೊಬೈಲ್ ಎತ್ತಿ ಹಿಡಿದು ಕೋಣೆ ಕೋಣೆಯನ್ನೂ ವಿಡಿಯೊ ಮಾಡುತ್ತಾ ಹೋದ. ಅದರಲ್ಲಿ ಮನೆಯ ಗೋಡೆ ಎಷ್ಟು ಬಂತೋ, ತೆರೆದಿದ್ದ ಬೀರು, ಕಿಟಕಿಯಲ್ಲಿಟ್ಟ ಔಷಧಿ ಡಬ್ಬ, ಮಂಚದ ಮೇಲೆ ಮಲಗಿದ್ದ ಹಿರಿಯರು ಕೂಡ ಅಷ್ಟೇ ಬಂದರು. ಮುಂದಿನ ವಾರ ಇನ್ನೊಂದು ಕುಟುಂಬ, ಅದರ ಹಿಂದೆ ಮತ್ತೊಂದು. ಯಾರೂ ಮೊದಲೇ ಫೋನ್ ಮಾಡಿ ಬಂದವರಲ್ಲ.

ಮನೆ ಅವರದು, ತೋರಿಸಿಕೊಳ್ಳಲಿ, ನಮಗೇನು ಹಕ್ಕಿದೆ ಎಂದು ಸುಮ್ಮನಾಗುವವರೇ ಹೆಚ್ಚು. ಕಾನೂನು ಹಾಗೆ ಹೇಳುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಮಾಲೀಕ ಮತ್ತು ಬಾಡಿಗೆದಾರರ ಹಕ್ಕು-ಹೊಣೆಗಳನ್ನು ಒಂದೊಂದಾಗಿ ಬರೆದಿಟ್ಟಿದೆ. ಬಾಡಿಗೆ ಕೊಡುತ್ತಾ ಕರಾರಿನಂತೆ ನಡೆದುಕೊಳ್ಳುವ ತನಕ, ಅವಧಿ ಮುಗಿಯುವವರೆಗೆ ಯಾರ ಅಡ್ಡಿಯೂ ಇಲ್ಲದೆ ಮನೆಯಲ್ಲಿ ಇರುವ ಹಕ್ಕು ಬಾಡಿಗೆದಾರನದು. ಮಾಲೀಕ ಒಳಗೆ ಬರುವ ವಿಷಯವೂ ಅದೇ ಕಲಮಿನಲ್ಲಿದೆ: ಮಾಲೀಕನಾಗಲಿ ಅವನ ಪರವಾದವರಾಗಲಿ ಸೂಕ್ತ ವೇಳೆಯಲ್ಲಿ ಬಂದು ಮನೆ ಯಾವ ಸ್ಥಿತಿಯಲ್ಲಿದೆ ಎಂದು ಪರೀಕ್ಷಿಸಬಹುದು, ಹಾಳಾದದ್ದು ಕಂಡರೆ ತಿಳಿಸಬಹುದು. ಕೊಳ್ಳುವವರನ್ನು ಕರೆತಂದು ತೋರಿಸುವ ಮಾತು ಅಲ್ಲಿಲ್ಲ. ಆದರೆ ಈ ಕಲಂ ಅನ್ವಯಿಸುವುದು ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದಾಗ ಮಾತ್ರ. "ಮಾರಾಟಕ್ಕಾಗಿ ಮನೆ ತೋರಿಸಲು ಬಾಡಿಗೆದಾರರು ಸಹಕರಿಸತಕ್ಕದ್ದು" ಎಂಬ ಸಾಲಿಗೆ ಸಹಿ ಹಾಕಿದ್ದರೆ ಅದಕ್ಕೆ ಬದ್ಧರಾಗಿರಬೇಕು. ಆದ್ದರಿಂದ ಮೊದಲ ಕೆಲಸ, ಬೀರುವಿನಲ್ಲಿರುವ ಕರಾರು ಪತ್ರ ತೆಗೆದು ಪೂರ್ತಿ ಓದುವುದು.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದನ್ನು ಇನ್ನೂ ಬಿಡಿಸಿ ಹೇಳಿದೆ. ಮಾಲೀಕ ಒಳಗೆ ಬರಬೇಕಾದರೆ ಕನಿಷ್ಠ 24 ಗಂಟೆ ಮೊದಲು ಕಾಗದದಲ್ಲೋ ಮೊಬೈಲ್ ಸಂದೇಶದಲ್ಲೋ ತಿಳಿಸಬೇಕು, ಕಾರಣ ಮತ್ತು ವೇಳೆ ಹೇಳಬೇಕು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ಮೇಲೆ ಬರುವಂತಿಲ್ಲ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಬಾಡಿಗೆ ರಾಜ್ಯದ ಅಧಿಕಾರಕ್ಕೆ ಬರುವ ವಿಷಯವಾದ್ದರಿಂದ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಳ್ಳದೆ ಈ ಮಾದರಿ ತಾನಾಗಿ ಜಾರಿಗೆ ಬರುವುದಿಲ್ಲ. ಆದರೂ ಮಾಲೀಕರ ಎದುರು ಕುಳಿತು ಮಾತಾಡುವಾಗ "24 ಗಂಟೆ ಮೊದಲು ಹೇಳಿ" ಎಂದು ಕೇಳಲು ಇದೊಂದು ಗಟ್ಟಿ ಆಧಾರ.

ಹಾಗಾದರೆ ಬಾಗಿಲು ಹಾಕಿಕೊಂಡು ಕೂರಬೇಕೇ? ಬೇಡ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರಲು ಹೊರಟವರನ್ನು ಕಾಡಿ ಯಾರಿಗೂ ಒಳ್ಳೆಯದಾಗದು, ಮಾರುವುದು ಅವರ ಹಕ್ಕು. ಆದರೆ ಮನೆ ತೋರಿಸಲು ಒಪ್ಪುವುದು ಬಾಡಿಗೆದಾರರು ಮಾಡಿಕೊಡುವ ಒಂದು ಉಪಕಾರ. ಮಾರುವವರಿಗೆ ಅದರ ಅಗತ್ಯ ಬಹಳ. ಅದೇ ಸಮಯದಲ್ಲಿ ಬಾಡಿಗೆದಾರರಿಗೆ ಅಗತ್ಯವಿರುವುದು ತಮ್ಮ ಅಡ್ವಾನ್ಸಿಗೊಂದು ಭದ್ರತೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು ಎಂಬುದೇ ಈ ಅಂಕಣದ ಮುಖ್ಯ ಮಾತು. ಕ್ರಯಪತ್ರ ಆದ ಮೇಲೆ ಹಳೆಯ ಮಾಲೀಕರಿಗೆ ನಿಮ್ಮ ಫೋನ್ ಎತ್ತುವ ತುರ್ತು ಇರುವುದಿಲ್ಲ. ಅದಕ್ಕೆ ಮೊದಲು ಇರುತ್ತದೆ.

ಗಾಂಧಿನಗರದ ಆ ಮನೆಯಲ್ಲಿ ನಡೆದದ್ದೂ ಅದೇ. ಓನರ್ ಹಿರಿಯರು, ಮಾತು ಕೇಳುವವರು. "ಅಣ್ಣಾರ, ನಾವು ಬ್ಯಾಡ ಅನ್ನಂಗಿಲ್ಲ, ಒಂದು ಪದ್ಧತಿ ಇರ್ಲಿ" ಎಂದದ್ದಕ್ಕೆ ಒಪ್ಪಿದರು. ಹಾಳೆಯಲ್ಲಿ ಬರೆದದ್ದು ಹೆಚ್ಚೇನಿಲ್ಲ. ಭಾನುವಾರ ಬೆಳಿಗ್ಗೆ 10ರಿಂದ 12ರೊಳಗೆ ಮಾತ್ರ ಬರುವುದು. ಹಿಂದಿನ ದಿನವೇ ಓನರ್ ಖುದ್ದಾಗಿ ಫೋನ್ ಮಾಡುವುದು. ಬ್ರೋಕರ್ ಒಬ್ಬನೇ ಬಂದರೆ ಬಾಗಿಲು ತೆಗೆಯುವುದಿಲ್ಲ. ಮನೆಯವರ ಸಾಮಾನಿನ, ಮನೆಯವರ ಫೋಟೊ ತೆಗೆಯುವಂತಿಲ್ಲ. ಕೊನೆಯ ಸಾಲು ಹಣದ್ದು: ಕೊಟ್ಟಿರುವ ಅಡ್ವಾನ್ಸ್ ಇಷ್ಟು, ಕ್ರಯಪತ್ರದ ದಿನ ಒಂದೋ ಓನರ್ ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಕೊಳ್ಳುವವರ ಲೆಕ್ಕಕ್ಕೆ ವರ್ಗಾಯಿಸಿ ಅವರಿಂದ ಸಹಿ ಮಾಡಿಸಿ ಕೊಡಬೇಕು. ಮಾರಾಟ ಮುಗಿದಾಗ ಮೂವರೂ ಸಹಿ ಹಾಕಿದ ಇನ್ನೊಂದು ಹಾಳೆ ತಯಾರಾಯಿತು. ಆ ಅಡ್ವಾನ್ಸ್ ಒಂದು ರೂಪಾಯಿಯೂ ಕಡಿಮೆಯಾಗದೆ ಹೊಸ ಮಾಲೀಕರಿಂದಲೇ ಮರಳಿ ಬಂತು.

ಹಾಳೆ ಬರೆಸಿಕೊಳ್ಳದವರಿಗೆ ಕಾನೂನು ಏನು ಕೊಡುತ್ತದೆ? ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ರಕ್ಷಣೆ ಕೊಡುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ರದ್ದಾಗುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ಬಂದು ನಿಲ್ಲುತ್ತಾರೆ, ಬಾಡಿಗೆ ಕೇಳುವ ಹಕ್ಕು ಅವರಿಗೆ ಬರುತ್ತದೆ. ಹಾಗೆಂದು ಹಳೆಯ ಮಾಲೀಕರು ಕರಾರಿನ ಹೊಣೆಯಿಂದ ಕೈ ತೊಳೆದುಕೊಳ್ಳುವಂತಿಲ್ಲ. ಇನ್ನು ಮೇಲೆ ನನಗೆ ಹೊಣೆ ಹೊಸಬರೇ ಎಂದು ಬಾಡಿಗೆದಾರ ತಾನಾಗಿ ಆರಿಸಿಕೊಂಡರೆ ಮಾತ್ರ ಹಳಬರಿಗೆ ಬಿಡುಗಡೆ. ಆರಿಸುವ ಹಕ್ಕು ನಿಮ್ಮದು. ಆದ್ದರಿಂದ ಅಡ್ವಾನ್ಸ್ ಲೆಕ್ಕ ತೀರುವ ತನಕ "ಇನ್ನೇನಿದ್ದರೂ ಹೊಸ ಓನರ್ ಹತ್ತಿರ ಕೇಳಿಕೊಳ್ಳುತ್ತೇನೆ" ಎಂದು ವಾಟ್ಸ್ಆ್ಯಪಿನಲ್ಲಿ ಬರೆಯುವ ಮುನ್ನ ಯೋಚಿಸಿ.

ಅದೇ ಕಲಮಿನಲ್ಲಿ ಇನ್ನೊಂದು ರಕ್ಷಣೆಯೂ ಇದೆ. ಮಾರಾಟ ಆದದ್ದು ತಿಳಿಯದೆ, ತಿಳಿಯಲು ಕಾರಣವೂ ಇಲ್ಲದೆ ಹಳೆಯ ಮಾಲೀಕರಿಗೇ ಬಾಡಿಗೆ ಕಟ್ಟಿದ್ದರೆ ಹೊಸಬರಿಗೆ ಮತ್ತೊಮ್ಮೆ ಕಟ್ಟಬೇಕಿಲ್ಲ. ಮಾರಾಟಕ್ಕೆ ಮುಂಚಿನ ಬಾಕಿ ಕೇಳುವ ಹಕ್ಕೂ ಹೊಸಬರಿಗೆ ತಾನಾಗಿ ಬರುವುದಿಲ್ಲ. ಯಾರೋ ಬಂದು "ಮನೆ ನಾನು ತಗೊಂಡೀನಿ, ಮುಂದಿನ ತಿಂಗಳಿಂದ ಈ ನಂಬರಿಗೆ ಹಾಕ್ರಿ" ಎಂದರೆ ಕ್ರಯಪತ್ರದ ನಕಲು ಮತ್ತು ಹಳೆಯ ಮಾಲೀಕರ ಒಂದು ಸಾಲಿನ ಪತ್ರ ಕೇಳಿ. ಅದರಲ್ಲಿ ಸಂಕೋಚ ಬೇಡ.

ಸಿರುಗುಪ್ಪದ ಕಡೆ ಬಂದರೆ ಲೆಕ್ಕ ಬೇರೆ, ಅಪಾಯವೂ ದೊಡ್ಡದು. ಅಲ್ಲಿ, ಬಳ್ಳಾರಿಯಲ್ಲಿಯೂ, ತಿಂಗಳ ಬಾಡಿಗೆಯ ಬದಲು ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವ ರೂಢಿ ಇದೆ. ಈಗಿನವರು ಅದನ್ನು ಲೀಸು ಎನ್ನುತ್ತಾರೆ. ಒಟ್ಟಿಗೆ 5 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದು. ಭತ್ತ ಮಾರಿದ ದುಡ್ಡು, ಮನೆಯಲ್ಲಿದ್ದ ಬಂಗಾರ, ಕೆಲವೊಮ್ಮೆ ಬಡ್ಡಿಗೆ ತಂದ ಹಣ ಹೀಗೆ ಇನ್ನೊಬ್ಬರ ಕೈ ಸೇರುತ್ತದೆ. ದಾಖಲೆ ಎಂದರೆ ಒಂದು ಛಾಪಾ ಕಾಗದ, ನೋಟರಿಯ ಮೊಹರು. ಈ ಅಂಕಣಕಾರ್ತಿ ಕಂಡ ಸಿರುಗುಪ್ಪದ ಒಂದು ಕುಟುಂಬದ ಕಥೆ ಇಂಥದ್ದೇ. ಭೋಗ್ಯದ ಅವಧಿಯ ನಡುವೆಯೇ ಮನೆ ಮಾರಾಟವಾಯಿತು. ಕೊಂಡವರು ಬಂದು, "ನಿಮ್ಮ ರೊಕ್ಕ ಯಾರಿಗೆ ಕೊಟ್ಟೀರಿ ಅವರ ಹತ್ರ ಕೇಳ್ರಿ, ನಮಗ ಮನಿ ಬಿಡ್ರಿ" ಎಂದರು. ಮಾರಿದವರ ಕೈಯಲ್ಲಿ ಆ ಹಣ ಉಳಿದಿರಲಿಲ್ಲ.

ಕಾನೂನಿನ ಕಣ್ಣಿನಲ್ಲಿ ಇಂಥ ವ್ಯವಹಾರ ಬಾಡಿಗೆಗಿಂತ ಅಡಮಾನಕ್ಕೆ ಹತ್ತಿರ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಂ ಹೇಳುವ ಸ್ವಾಧೀನ ಅಡಮಾನ ಇದೇ ಜಾತಿಯದು. 59ನೇ ಕಲಂ ಪ್ರಕಾರ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ಅಡಮಾನಕ್ಕೆ ನೋಂದಣಿ ಕಡ್ಡಾಯ. ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ ಭೋಗ್ಯ ಪತ್ರ ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣಿಸುತ್ತದೆ. ಕೊಳ್ಳುವವರು ಆ ಭಾರದ ಸಮೇತವೇ ಕೊಳ್ಳಬೇಕು, ನಿಮ್ಮ ಹಣ ತೀರಿಸಿಯೇ ಮನೆ ಬಿಡಿಸಿಕೊಳ್ಳಬೇಕು. ನೋಂದಣಿ ಇಲ್ಲದಿದ್ದರೆ ಮನೆಯ ಮೇಲಿನ ಆ ಹಿಡಿತ ಇರುವುದಿಲ್ಲ. ಉಳಿಯುವುದು ಹಣ ಪಡೆದವರ ಮೇಲಿನ ವಸೂಲಿ ಹಕ್ಕು, ಅದಕ್ಕೂ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಮುದ್ರಾಂಕ ಶುಲ್ಕ ಉಳಿಸಲು ನೋಂದಣಿ ಬಿಡುವುದು ಭೋಗ್ಯದಲ್ಲಿ ಅತ್ಯಂತ ದುಬಾರಿ ಉಳಿತಾಯ. ಹಣ ಕೊಡುವ ಮುನ್ನ ಕಾವೇರಿ ಜಾಲತಾಣದಲ್ಲಿ ಇಸಿ ತೆಗೆದು ನೋಡುವುದು, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಬಾಯಿಬಿಟ್ಟು ಕೇಳುವುದು, ಎರಡೂ ಆಗಲೇಬೇಕು.

ಕುರುಗೋಡಿನದು ಮತ್ತೊಂದು ಬಗೆ. ದೊಡ್ಡಬಸವೇಶ್ವರನ ಊರು ತಾಲ್ಲೂಕು ಕೇಂದ್ರವಾದ ಮೇಲೆ ವರ್ಗವಾಗಿ ಬರುವ ನೌಕರರಿಗೆ ಅಲ್ಲಿ ಬಾಡಿಗೆ ಮನೆ ಬೇಕು. ಮಾಲೀಕರು ಕೆಲವರು ಬಳ್ಳಾರಿಯಲ್ಲಿ ಇರುತ್ತಾರೆ. ಅಲ್ಲಿ ಬಾಡಿಗೆಗಿದ್ದ ಒಬ್ಬ ಶಿಕ್ಷಕಿ ಶಾಲೆ ಮುಗಿಸಿ ಬಂದಾಗ ಅಡುಗೆಮನೆಯ ನೆಲದ ಮೇಲೆ ಧೂಳಿನ ಚಪ್ಪಲಿ ಗುರುತು ಕಂಡಿದ್ದರು. ಮಾಲೀಕರು ತಮ್ಮಲ್ಲಿದ್ದ ಇನ್ನೊಂದು ಕೀಲಿ ಬ್ರೋಕರ್ ಕೈಗೆ ಕೊಟ್ಟಿದ್ದರು. ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. ಇನ್ನೊಬ್ಬರ ವಾಸದಲ್ಲಿರುವ ಮನೆಗೆ ಅವರನ್ನು ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ನುಗ್ಗಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿ ಅದು ಗೃಹ ಅತಿಕ್ರಮಣದ ಅಪರಾಧ. ಅಲ್ಲಿ ಲೆಕ್ಕಕ್ಕೆ ಬರುವುದು ಮನೆ ಯಾರ ಸ್ವಾಧೀನದಲ್ಲಿದೆ ಎಂಬುದು. ಆ ಶಿಕ್ಷಕಿ ಠಾಣೆಗೆ ಹೋಗಲಿಲ್ಲ. ಮಾಲೀಕರಿಗೆ ತಿಳಿಸಿ ಬೀಗ ಬದಲಿಸಿದರು, ಬಿಡುವಾಗ ಹಳೆಯ ಬೀಗ ಮರಳಿ ಹಾಕಿಕೊಡುವುದಾಗಿ ಬರೆದುಕೊಟ್ಟರು. ಅಲ್ಲಿಗೆ ಆ ಕಾಟ ನಿಂತಿತು.

ಖಾಲಿ ಮನೆಗೆ ಹೆಚ್ಚು ಬೆಲೆ ಬರುತ್ತದೆ ಎಂದು ಬ್ರೋಕರ್ ಕಿವಿ ಊದಿದ ಮೇಲೆ ಕೆಲವು ಮಾಲೀಕರು "ಈ ತಿಂಗಳೇ ಬಿಡಿ" ಎನ್ನುತ್ತಾರೆ. ತಿಂಗಳ ಲೆಕ್ಕದ ಬಾಡಿಗೆಯನ್ನು ಕೊನೆಗೊಳಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಬೇಕು, ಕರಾರಿನಲ್ಲಿ ಹೆಚ್ಚು ದಿನ ಬರೆದಿದ್ದರೆ ಅಷ್ಟು ದಿನ. ನಮ್ಮಲ್ಲಿ ಎಲ್ಲರೂ ಬರೆಯುವ 11 ತಿಂಗಳ ಕರಾರು ನೋಂದಣಿ ತಪ್ಪಿಸಿಕೊಳ್ಳಲು ಹುಟ್ಟಿದ್ದು, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ. ನೋಂದಣಿ ಆಗಬೇಕಿದ್ದ ಕರಾರು ಆಗದೆ ಉಳಿದಿದ್ದರೂ ಬಾಡಿಗೆದಾರ ಬೀದಿಗೆ ಬೀಳುವುದಿಲ್ಲ. ಕೇರಳದ ಆಂಥೊನಿ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನ ಕೊಟ್ಟು ಬಾಡಿಗೆ ಪಡೆಯುತ್ತಿದ್ದರೆ ಅಲ್ಲಿ ತಿಂಗಳ ಲೆಕ್ಕದ ಬಾಡಿಗೆ ಸಂಬಂಧ ಇದ್ದೇ ಇದೆ ಎಂದು ಹೇಳಿತು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇನ್ನೂ ಹೆಚ್ಚು ರಕ್ಷಣೆ ಕೊಡುತ್ತದೆ, ಆದರೆ ಅದು ಅನ್ವಯಿಸುವುದು ಸಣ್ಣ ಬಾಡಿಗೆಗಳಿಗೆ. ಅನುಸೂಚಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ. ಈಗಿನ ಬಾಡಿಗೆ ನೋಡಿದರೆ ಬಳ್ಳಾರಿಯ ಹೆಚ್ಚಿನವರಿಗೆ ಅದು ನಿಲುಕುವುದಿಲ್ಲ. ಈ ಮಿತಿಯನ್ನು ಏರಿಸದೆ ಬಿಟ್ಟಿರುವುದು ಬಾಡಿಗೆದಾರರಿಗೆ ಆಗಿರುವ ದೊಡ್ಡ ಅನ್ಯಾಯ.

ನೋಟಿಸಿನ ಅವಧಿ ಮುಗಿದ ಮೇಲೂ ಬೀಗ ಒಡೆಯುವ, ಸಾಮಾನು ಹೊರಗಿಡುವ ಅಧಿಕಾರ ಮಾಲೀಕರಿಗಿಲ್ಲ. ರಾಮೇಗೌಡ ಮತ್ತು ವರದಪ್ಪ ನಾಯ್ಡು ನಡುವಿನ ವ್ಯಾಜ್ಯ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ಅದು ಅಕ್ಕಪಕ್ಕದ ಜಾಗದವರ ಜಗಳ, ಬಾಡಿಗೆಯದಲ್ಲ. ಆದರೆ 2003ರ ಡಿಸೆಂಬರಿನ ಆ ತೀರ್ಪು ಹೇಳಿದ ತತ್ವ ಎಲ್ಲರಿಗೂ ಸಲ್ಲುತ್ತದೆ: ನೆಲೆಯೂರಿದ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕನೂ ಕಾನೂನಿನ ದಾರಿಯಲ್ಲಲ್ಲದೆ ಹೊರಹಾಕುವಂತಿಲ್ಲ. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಸ್ವಾಧೀನ ಮರಳಿ ಪಡೆಯಬಹುದು.

ಮನೆ ಕೊಳ್ಳಲು ಹೊರಟವರಿಗೂ ಇಲ್ಲೊಂದು ಮಾತು ಇದೆ. ಒಳಗೆ ಯಾರಾದರೂ ವಾಸವಿದ್ದರೆ, ಅವರಿಗೆ ಇರುವ ಹಕ್ಕು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಂ ಭಾವಿಸುತ್ತದೆ. ಗೋಡೆ ಬಡಿದು ನೋಡುವ ಬದಲು ಐದು ನಿಮಿಷ ಕುಳಿತು "ಎಷ್ಟು ಅಡ್ವಾನ್ಸ್ ಕೊಟ್ಟೀರಿ, ಕರಾರು ಎಲ್ಲಿ ತನಕ ಐತಿ, ಭೋಗ್ಯ ಏನರ ಐತೇನು" ಎಂದು ಬಾಡಿಗೆದಾರರನ್ನೇ ಕೇಳುವುದು ಅವರ ಹಣಕ್ಕೇ ಒಳ್ಳೆಯದು.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಯಾರೂ ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದ ಹೆಚ್ಚಿನವರಿಗೆ ಆದಾಯ ಮಿತಿಯೊಳಗೆ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಹೋಗುವಾಗ ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್, ಕಳೆದ ಕೆಲವು ತಿಂಗಳ ಬಾಡಿಗೆ ಕಟ್ಟಿದ ದಾಖಲೆ ಕೈಯಲ್ಲಿರಲಿ. ನಗದಾಗಿ ಕೊಟ್ಟು ರಸೀದಿ ಪಡೆಯದವರು ಇವತ್ತೇ ಮಾಲೀಕರಿಗೆ ಒಂದು ಸಂದೇಶ ಕಳಿಸಿ, ಇಂತಿಷ್ಟು ಅಡ್ವಾನ್ಸ್ ನಿಮ್ಮ ಹತ್ತಿರ ಇದೆ ಎಂದು ಬರೆದು ಅವರಿಂದ ಉತ್ತರ ಪಡೆದಿಟ್ಟುಕೊಳ್ಳಿ.